ನಿಮ್ಮ ಗುಪ್ತದಳಕ್ಕೆ ಸಂಬಳ ಕೊಡೋರು ಯಾರು?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನವನು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೀತೀನಿ. ಯುಗಾದಿ ಹೊತ್ತಿಗೆ ನಮ್ಮೂರಲ್ಲಿ ಸಾಮಾಜಿಕ ನಾಟಕ ಆಡ್ತೀವಿ, ಈ ಸಲ ನಾನೇ ಬರೀತಿದ್ದೀನಿ. ತುಂಗಭದ್ರಾ ಡ್ಯಾಮಿನ ಗೇಟು ಒಡೆಯೋಕೆ ಒಂದು ಗ್ಯಾಂಗ್ ಹೊಂಚು ಹಾಕಿದೆ. ಅದನ್ನು ತಡೆಯೋಕೆ ‘ಗರುಡ’ ಅನ್ನೋ ರಹಸ್ಯ ದಳ ಇದೆ. ಓದಿ ತೋರಿಸಿದ್ರೆ ನಮ್ಮ ಹುಡುಗರು “ಬರೇ ಸಿನಿಮಾ ಆತಲ್ಲೋ, ನಂಬಂಗಿಲ್ಲ” ಅಂದ್ರು. ಸಿನಿಮಾದಲ್ಲಿ ತೋರಿಸೋ ಗುಪ್ತಚರ ಸಂಸ್ಥೆಗಳು ನಿಜಕ್ಕೂ ಹಾಗೇ ಇರ್ತಾವಾ? ಇಲ್ಲದ ಸಂಸ್ಥೆಯನ್ನು ನಂಬೋ ಹಾಗೆ ಕಟ್ಟೋದು ಹೇಗೆ? ನಮ್ಮ ದೇಶದ ಗುಪ್ತಚರ ಸಂಸ್ಥೆ ‘ರಾ’ದ ಹೆಸರನ್ನೇ ಬಳಸಬಹುದಾ? ಮೊದಲ ಅಂಕ ಜೊತೆಗೆ ಕಳಿಸಿದ್ದೀನಿ.

ಉತ್ತರ:

ಮೊದಲ ಅಂಕ ಓದಿದೆ. ಮಾತು ಚುರುಕಾಗಿವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದನೇ ದೃಶ್ಯದಲ್ಲಿ ‘ಗರುಡ’ದವರು ದೇಶ ಕಾಯುವ ಶಪಥ ಮಾಡುತ್ತಾರೆ. ಎರಡನೇ ದೃಶ್ಯದಲ್ಲಿ ರೈತ ಸಂಘದ ಹುಡುಗನೊಬ್ಬನನ್ನು ರಾತ್ರೋರಾತ್ರಿ ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ. ಮೂರನೆಯದರಲ್ಲಿ ದುಬೈಗೆ ಹಾರಿ ಗುಂಡು ಹೊಡೆಯುತ್ತಾರೆ. ಒಂದೇ ದಳ ಇಷ್ಟೂ ಮಾಡುತ್ತದೆ. ಯಾರ ಅಪ್ಪಣೆಯೂ ಇಲ್ಲ, ವಿಮಾನದ ಟಿಕೆಟ್ಟಿಗೆ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನೀವು ಲೆಕ್ಕ ಬರೆಯೋರು. ನಿಮ್ಮ ಗಿರಣಿಯಿಂದ ಒಂದು ಚೀಲ ಅಕ್ಕಿ ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು, ಅಲ್ವಾ? ಗುಪ್ತದಳಕ್ಕೂ ಅಂಥದ್ದೊಂದು ಪಾಸ್ ಇರುತ್ತದೆ. ಅದರ ಮೇಲೆ ಸಹಿ ಯಾರದು ಅಂತ ಬರೆಯುವವನಿಗೆ ಗೊತ್ತಿದ್ದರೆ ನೋಡುವವರು ನಂಬುತ್ತಾರೆ. ಗೊತ್ತಿಲ್ಲದಿದ್ದರೆ ಎಷ್ಟು ಪಟಾಕಿ ಹೊಡೆಸಿದರೂ ಅಷ್ಟೇ.

ಮೊದಲು ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಿ. ಗುಪ್ತಚರ ಸಂಸ್ಥೆಯ ಕೆಲಸ ಸುದ್ದಿ ತರೋದು. ಶತ್ರು ಏನು ಮಾಡುತ್ತಿದ್ದಾನೆ, ಮುಂದೇನು ಮಾಡಿಯಾನು ಅಂತ ಸರ್ಕಾರಕ್ಕೆ ಹೇಳೋದು. ಗುಪ್ತ ಪೊಲೀಸರ ಕೆಲಸ ಬೇರೆ. ಅವರು ಸ್ವಂತ ಜನರ ಮೇಲೇ ಕಣ್ಣಿಡುತ್ತಾರೆ, ಆಳುವವರ ಕುರ್ಚಿ ಕಾಯುತ್ತಾರೆ, ಹಿಡಿಯುತ್ತಾರೆ, ಹೆದರಿಸುತ್ತಾರೆ. ಎರಡೂ ಒಂದೇ ಸೂರಿನಡಿ ಇದ್ದ ದೇಶಗಳಿವೆ. ಪೂರ್ವ ಜರ್ಮನಿಯ ಸ್ಟಾಸಿ ಅಂಥದ್ದು. 1950ರಲ್ಲಿ ಹುಟ್ಟಿತು. ಹೊರದೇಶದ ಬೇಹುಗಾರಿಕೆಗೆ ಒಂದು ವಿಭಾಗ, ಮಿಕ್ಕಿದ್ದೆಲ್ಲ ಸ್ವಂತ ಜನರ ಮೇಲೆ. 1989ರ ಹೊತ್ತಿಗೆ ಸುಮಾರು 91,000 ಜನ ಅಲ್ಲಿ ಪಗಾರ ತಗೊಳ್ಳುತ್ತಿದ್ದರು. ಅದರ ಮೇಲೆ ಲಕ್ಷಕ್ಕೂ ಮೀರಿ ಗುಟ್ಟಿನ ಮಾಹಿತಿದಾರರು. ದೇಶದ ಜನಸಂಖ್ಯೆ ಒಂದೂವರೆ ಕೋಟಿ ಚಿಲ್ಲರೆ ಅಷ್ಟೇ.

ನಮ್ಮಲ್ಲಿ ಹಾಗಿಲ್ಲ. ಒಳಗಿನ ಮಾಹಿತಿಗೆ ಐಬಿ, ಅಂದ್ರೆ ಇಂಟೆಲಿಜೆನ್ಸ್ ಬ್ಯೂರೋ. ಅದರ ಬೇರು 1887ರ ಬ್ರಿಟಿಷ್ ಕಾಲಕ್ಕೆ ಹೋಗುತ್ತದೆ. ಹೊರಗಿನದಕ್ಕೆ ರಾ. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ ಎರಡರಲ್ಲೂ ಮಾಹಿತಿ ಸಾಲದೆ ಹೋಯಿತು ಅಂತ 1968ರ ಸೆಪ್ಟೆಂಬರ್‌ನಲ್ಲಿ ಐಬಿಯಿಂದಲೇ ಅದನ್ನು ಒಡೆದು ಕಟ್ಟಿದರು. ಮೊದಲ ಮುಖ್ಯಸ್ಥರು ಆರ್.ಎನ್. ಕಾವ್. ಸಂಪುಟ ಸಚಿವಾಲಯದ ಕೆಳಗೆ ಬರುತ್ತದೆ, ಪ್ರಧಾನಿಗೆ ಉತ್ತರ ಕೊಡುತ್ತದೆ. ಈ ಎರಡಕ್ಕೂ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಿಂದಲೂ ಬಹುಮಟ್ಟಿಗೆ ಹೊರಗಿಟ್ಟಿದ್ದಾರೆ. ಆದರೆ ಒಂದು ವಿಷಯ ನಾಟಕಕಾರನಿಗೆ ಬಂಗಾರ: ಇವರಿಗೆ ಯಾರನ್ನೂ ಬಂಧಿಸುವ ಅಧಿಕಾರ ಇಲ್ಲ. ಹಿಡಿಯಬೇಕಾದರೆ ಪೊಲೀಸರ ಹತ್ತಿರ ಹೋಗಬೇಕು. 2008ರ ಮುಂಬೈ ದಾಳಿಯ ನಂತರ ಬಂದ ಎನ್‌ಐಎ, ಅಂದ್ರೆ ರಾಷ್ಟ್ರೀಯ ತನಿಖಾ ದಳ, ಬೇರೆ. ಅದಕ್ಕೆ ಕಾಯ್ದೆ ಇದೆ, ತನಿಖೆ ಮಾಡಿ ಬಂಧಿಸಬಹುದು.

ಇದನ್ನು ದೃಶ್ಯ ಮಾಡಿ ನೋಡಿ. ದಿಲ್ಲಿಯಿಂದ ಬಂದ ದೊಡ್ಡ ಏಜೆಂಟ್ ನಿಮ್ಮೂರ ಠಾಣೆಗೆ ಬಂದು “ಆ ಹುಡುಗನ್ನ ಎತ್ತಾಕ್ಕೊಂಡು ಬರ್ರಿ” ಅನ್ನುತ್ತಾನೆ. ಪಿಎಸ್‌ಐ ಚಹಾ ಕೆಳಗಿಟ್ಟು, “ಹೂಂ ಸರ್. ಯಾವ ಕೇಸು? ಎಫ್‌ಐಆರ್ ನಂಬರ್ ಹೇಳ್ರಿ” ಅನ್ನುತ್ತಾನೆ. ಏಜೆಂಟ್ ಹತ್ತಿರ ನಂಬರ್ ಇಲ್ಲ. ಅಷ್ಟು ಹೊತ್ತು ಎದೆ ಉಬ್ಬಿಸಿಕೊಂಡಿದ್ದವನು ಈಗ ಏನು ಮಾಡುತ್ತಾನೆ? ನಿಮ್ಮ ದುಬೈ ದೃಶ್ಯಕ್ಕಿಂತ ಇದರಲ್ಲಿ ಬಿಸಿ ಜಾಸ್ತಿ. ಖರ್ಚೂ ಇಲ್ಲ.

ಸಿನಿಮಾದವರು ಹೀಗೆ ಯಾಕೆ ಬರೆಯಲ್ಲ ಅಂದ್ರೆ, ಎಲ್ಲರೂ ಜೇಮ್ಸ್ ಬಾಂಡ್ ಹಿಂದೆ ಹೋದರು. ಬಾಂಡ್‌ನನ್ನು ಸೃಷ್ಟಿಸಿದ ಲೇಖಕ ಇಯಾನ್ ಫ್ಲೆಮಿಂಗ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದ್ದ ಮನುಷ್ಯ. ಮೊದಲ ಬಾಂಡ್ ಕಾದಂಬರಿ 1953ರದ್ದು. ಅವನು ಪೂರ್ತಿ ಗಾಳಿಯಲ್ಲಿ ಕಟ್ಟಲಿಲ್ಲ. ಬಾಂಡ್‌ನ ಮೇಲಧಿಕಾರಿಯ ಹೆಸರು ‘ಎಂ’ ಅಂತ ಒಂದೇ ಅಕ್ಷರ. ಬ್ರಿಟನ್ನಿನಲ್ಲಿ ಹೊರದೇಶದ ಬೇಹುಗಾರಿಕೆ ನೋಡುವ ನಿಜವಾದ ಸಂಸ್ಥೆ ಎಂಐ6ರ ಮೊದಲ ಮುಖ್ಯಸ್ಥ ಮ್ಯಾನ್ಸ್‌ಫೀಲ್ಡ್ ಕಮಿಂಗ್ ಹಸಿರು ಇಂಕಿನಲ್ಲಿ ‘ಸಿ’ ಅಂತ ಸಹಿ ಹಾಕುತ್ತಿದ್ದ, ಆ ಪದ್ಧತಿ ಈಗಲೂ ಉಳಿದಿದೆ. ಬಾಂಡ್‌ನ ಎದುರಾಳಿ ಗುಪ್ತದಳ ಸ್ಮರ್ಶ್ ಕೂಡ ಸೋವಿಯತ್ ರಷ್ಯಾದಲ್ಲಿ 1943ರಿಂದ 1946ರವರೆಗೆ ನಿಜವಾಗಿ ಇದ್ದದ್ದು. ಮುಚ್ಚಿ ವರ್ಷಗಳಾದ ಮೇಲೂ ಫ್ಲೆಮಿಂಗ್ ಅದನ್ನು ಕಾದಂಬರಿಯಲ್ಲಿ ಜೀವಂತ ಇಟ್ಟ. ಸಿನಿಮಾಕ್ಕೆ ಬರುವಾಗ ಅದರ ಜಾಗದಲ್ಲಿ ‘ಸ್ಪೆಕ್ಟರ್’ ಅನ್ನೋ ಪೂರ್ತಿ ಕಾಲ್ಪನಿಕ ಸಂಘ ಬಂತು. ಯಾವ ದೇಶಕ್ಕೂ ಸೇರದ ಖಳರ ಕೂಟ. ಅದರಲ್ಲಿ ಜಾಣತನ ಇದೆ. ಯಾರ ಮನಸ್ಸೂ ನೋಯಲ್ಲ, ಸಿನಿಮಾ ಎಲ್ಲಾ ದೇಶದಲ್ಲೂ ಓಡುತ್ತದೆ. ನಿಮ್ಮ ಗ್ಯಾಂಗಿಗೂ ಒಂದು ಧರ್ಮ, ಒಂದು ಜಾತಿ, ಒಂದು ಕ್ಯಾಂಪು ಅಂತ ಗುರುತು ಹಚ್ಚಬೇಡಿ. ಸಿಂಧನೂರಿನಲ್ಲಿ ಆಂಧ್ರದಿಂದ ಬಂದವರ ಕ್ಯಾಂಪೂ ಇವೆ, ಬಂಗಾಳಿ ನಿರಾಶ್ರಿತರ ಕ್ಯಾಂಪೂ ಇವೆ. ಅವರೂ ನಾಟಕ ನೋಡೋಕೆ ಬಂದು ಚಾಪೆ ಹಾಸಿ ಕೂರುತ್ತಾರೆ.

ಬಾಂಡ್ ಗಾಳಿ ನಮ್ಮ ಕಡೆಗೂ ಬೇಗ ಬೀಸಿತು. ತೆಲುಗಿನಲ್ಲಿ 1966ಕ್ಕೇ ‘ಗೂಢಚಾರಿ 116’ ಬಂತು, ಮರುವರ್ಷ ಅದೇ ಹಿಂದಿಗೆ ಹೋಯಿತು. ಕನ್ನಡದಲ್ಲಿ 1968ರಲ್ಲಿ ‘ಜೇಡರ ಬಲೆ’. ದೊರೈ–ಭಗವಾನ್ ನಿರ್ದೇಶನ, ಡಾ. ರಾಜ್‌ಕುಮಾರ್ ಸಿಐಡಿ 999. ಆಮೇಲೆ ಅದೇ ಸಾಲಿನಲ್ಲಿ ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಈಗ ತಲೆಕೆಳಗಾದ ಸಂಗತಿ ನೋಡಿ. ಸಿಐಡಿ ಅಂದ್ರೆ ರಾಜ್ಯ ಪೊಲೀಸರ ತನಿಖಾ ವಿಭಾಗ. ಕೊಲೆ, ವಂಚನೆ, ಠಾಣೆಯಲ್ಲಿ ಬಗೆಹರಿಯದ ಕೇಸು, ಇಂಥವು ಅವರ ಪಾಲು. ಅವರು ಗೋವಾಕ್ಕೆ ಹೋಗಿ ಬೇಹುಗಾರಿಕೆ ಮಾಡುವಂತಿಲ್ಲ. ಆದರೆ ಆಗ ಯಾರೂ ಕೇಳಲಿಲ್ಲ, ಯಾಕಂದ್ರೆ ಮುಂದೆ ನಿಂತಿದ್ದು ಅಣ್ಣಾವ್ರು. ನಿಮ್ಮ ಹೀರೋ ಪಾತ್ರ ಮಾಡೋ ಹುಡುಗನಿಗೆ ಆ ರಿಯಾಯಿತಿ ಸಿಗಲ್ಲ. ನಿನ್ನೆ ಸಂಜೆ ಅವನೇ ಗೊಬ್ಬರದ ಅಂಗಡಿ ಮುಂದೆ ನಿಂತಿದ್ದನ್ನು ಊರೆಲ್ಲ ನೋಡಿರುತ್ತದೆ.

ಇತ್ತೀಚಿನವರು ಸ್ವಲ್ಪ ಜಾಣರಾಗಿದ್ದಾರೆ. ನಿಜವಾದ ಸಂಸ್ಥೆಯ ಪಕ್ಕದಲ್ಲಿ ಒಂದು ಸುಳ್ಳು ಕೊಠಡಿ ಕಟ್ಟುತ್ತಾರೆ. ತೆಲುಗಿನ ‘ಗೂಢಚಾರಿ’ಯಲ್ಲಿ ‘ತ್ರಿನೇತ್ರ’ ಇದೆ. ‘ಪಠಾಣ್’ನಲ್ಲೂ ಅಂಥದ್ದೇ ಒಂದು ಘಟಕ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ‘ದಿ ಫ್ಯಾಮಿಲಿ ಮ್ಯಾನ್’ ಸರಣಿಯ ‘ಟಾಸ್ಕ್’. ಎನ್‌ಐಎ ಅಡಿಯ ಒಂದು ಕಾಲ್ಪನಿಕ ವಿಭಾಗ. ಅಲ್ಲಿನ ನಾಯಕನಿಗೆ ಸಂಬಳ ಸಾಲಲ್ಲ, ಮನೆಯಲ್ಲಿ ಮರ್ಯಾದೆ ಇಲ್ಲ, ಮಕ್ಕಳ ಶಾಲೆಯಿಂದ ದೂರು. ಜನ ಅದನ್ನು ನಂಬಿದ್ದು ಬಂದೂಕಿನಿಂದಲ್ಲ, ಈ ತಾಪತ್ರಯಗಳಿಂದ. ಬ್ರಿಟಿಷರ ‘ಸ್ಲೋ ಹಾರ್ಸಸ್’ ಇನ್ನೂ ಒಂದು ಹೆಜ್ಜೆ ಮುಂದೆ. ಕೆಲಸದಲ್ಲಿ ಎಡವಟ್ಟು ಮಾಡಿಕೊಂಡ ಎಂಐ5ನವರನ್ನೆಲ್ಲ (ಬ್ರಿಟನ್ನಿನ ಒಳಗಿನ ಗುಪ್ತಚರ ಸಂಸ್ಥೆ) ಒಂದು ಹಾಳು ಕಟ್ಟಡಕ್ಕೆ ತಳ್ಳುತ್ತಾರೆ, ಬೇಸತ್ತು ತಾವೇ ಬಿಟ್ಟು ಹೋಗಲಿ ಅಂತ. ಇದು ನಮಗೆ ಹೇಳಿ ಮಾಡಿಸಿದ ಹಾಗಿದೆ. ರಾಯಚೂರು–ಕೊಪ್ಪಳಕ್ಕೆ ವರ್ಗ ಆಗೋದನ್ನೇ ಶಿಕ್ಷೆ ಅಂದುಕೊಳ್ಳೋ ಅಧಿಕಾರಿಗಳನ್ನು ನಾವು ಎಷ್ಟು ಜನರನ್ನು ನೋಡಿಲ್ಲ? ‘ಗರುಡ’ದ ರಾಯಚೂರು ಶಾಖೆ ಅಂಥವರದ್ದೇ ಇರಲಿ. ಒಬ್ಬ ಬೆಂಗಳೂರಿಗೆ ವಾಪಸ್ ಹೋಗೋಕೆ ಅರ್ಜಿ ಮೇಲೆ ಅರ್ಜಿ ಹಾಕುತ್ತಿರುತ್ತಾನೆ. ಇನ್ನೊಬ್ಬ ಬಿಸಿಲಿಗೆ ಹೆದರಿ ಹೊತ್ತು ಮುಳುಗಿದ ಮೇಲೇ ಹೊರಬರುತ್ತಾನೆ. ಜನ ನಗುತ್ತಾರೆ, ನಗುತ್ತಾ ನಂಬುತ್ತಾರೆ.

ಈಗ ನಿಮ್ಮ ಎರಡನೇ ದೃಶ್ಯ, ಹುಡುಗನನ್ನು ಎತ್ತಿಕೊಂಡು ಹೋಗುವುದು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಿಮ್ಮ ನಾಟಕದ ಜೀವ ಇರೋದು ಇಲ್ಲೇ, ನೀವು ಅದನ್ನು ಎರಡು ನಿಮಿಷದಲ್ಲಿ ಮುಗಿಸಿದ್ದೀರಿ.

ಗುಪ್ತ ಪೊಲೀಸರ ಕಥೆಗಳಲ್ಲಿ ಎದೆ ನಡುಗಿಸುವುದು ಬೂಟಿನ ಸದ್ದಲ್ಲ, ಕಚೇರಿಯ ತಣ್ಣಗಿನ ಮರ್ಯಾದೆ. 1985ರ ‘ಬ್ರೆಜಿಲ್’ ಅನ್ನೋ ಸಿನಿಮಾ ಇದೆ, ಟೆರಿ ಗಿಲಿಯಂ ನಿರ್ದೇಶನ. ಸರ್ಕಾರಿ ಕಚೇರಿಯಲ್ಲಿ ಟೈಪ್ ಮಾಡುವ ಯಂತ್ರದೊಳಗೆ ಒಂದು ನೊಣ ಬೀಳುತ್ತದೆ. ಒಂದು ಅಕ್ಷರ ಬದಲಾಗುತ್ತದೆ. ‘ಟಟಲ್’ ಅನ್ನೋನನ್ನು ಹಿಡಿಯಬೇಕಿತ್ತು, ‘ಬಟಲ್’ ಅನ್ನೋ ಬಡಪಾಯಿ ಸಂಸಾರಿಯನ್ನು ಹಿಡಿಯುತ್ತಾರೆ. ಮಾಳಿಗೆ ಕೊರೆದು ಮನೆಯೊಳಗೆ ಇಳಿದು, ಹೆಂಡತಿ ಮಕ್ಕಳ ಮುಂದೆಯೇ ಚೀಲದಲ್ಲಿ ಕಟ್ಟಿ ಒಯ್ಯುತ್ತಾರೆ. ಆಮೇಲೆ ಒಬ್ಬ ಅಧಿಕಾರಿ ಮೆಲ್ಲಗೆ ಮುಂದೆ ಬಂದು ಆ ಹೆಂಗಸಿನ ಕೈಗೆ ಪೆನ್ನು ಕೊಡುತ್ತಾನೆ. ಇಲ್ಲಿ ಸಹಿ ಮಾಡಿ, ಇದು ನಿಮ್ಮ ಗಂಡನ ರಸೀದಿ. ಈಗ ಇಲ್ಲಿ ಸಹಿ ಮಾಡಿ, ಇದು ನಿಮಗೆ ರಸೀದಿ ಕೊಟ್ಟಿದ್ದಕ್ಕೆ ನನ್ನ ರಸೀದಿ. ಅವಳು ನಡುಗುವ ಕೈಯಲ್ಲೇ ಸಹಿ ಮಾಡುತ್ತಾಳೆ.

ಒಂದು ಹೊಡೆತ ಇಲ್ಲ, ಒಂದು ಬೈಗುಳ ಇಲ್ಲ. ಗಂಡನನ್ನು ಒಯ್ದವರೇ ಅವಳಿಗೆ ರಸೀದಿ ಕೊಟ್ಟು ಹೋಗುತ್ತಾರೆ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಒಂದು ಅಕ್ಷರ ತಪ್ಪಾಗಿ ಬಿದ್ದು ತಹಶೀಲ್ದಾರ್ ಕಚೇರಿಗೆ ಅಲೆದವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ‘ಬಸಣ್ಣ’ನ ಬದಲು ‘ಬಸಪ್ಪ’ ಆದರೆ ಏನಾಗುತ್ತದೆ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಸಿನಿಮಾದ ದೃಶ್ಯವನ್ನು ಹಾಗೇ ಎತ್ತಬೇಡಿ. ಆ ಮರ್ಯಾದೆಯ ಧ್ವನಿ ಮಾತ್ರ ಕಲಿತುಕೊಳ್ಳಿ. ನಿಮ್ಮ ದಳದವನು ಆ ತಾಯಿಗೆ “ಅವ್ವಾ, ಸ್ವಲ್ಪ ಚಪ್ಪಲಿ ಹಾಕ್ಕೊಳಾಕ ಹೇಳ್ರಿ ಅವಗ, ಹೊರಗ ಕಲ್ಲದಾವು” ಅನ್ನಲಿ. ಸಭೆ ತಣ್ಣಗಾಗುತ್ತದೆ.

ಇದಕ್ಕೆ ಮೂಲಪುರುಷ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್. ಅವನ 1949ರ ಕಾದಂಬರಿ ‘1984’ರಲ್ಲಿ ವಿಚಾರದ ಪೊಲೀಸರಿದ್ದಾರೆ, ಮನಸ್ಸಿನಲ್ಲಿ ಬಂದದ್ದಕ್ಕೂ ಶಿಕ್ಷೆ. ಚಿತ್ರಹಿಂಸೆ ಕೊಡುವ ಇಲಾಖೆಯ ಹೆಸರು ಪ್ರೀತಿಯ ಸಚಿವಾಲಯ. ಎಲ್ಲರೂ ಗೋಡೆ ಮೇಲಿಂದ ಮನೆಯವರನ್ನೇ ನೋಡುತ್ತಿರುವ ಟೆಲಿಸ್ಕ್ರೀನ್ ಬಗ್ಗೆ ಮಾತಾಡುತ್ತಾರೆ. ನನಗೆ ಅದಕ್ಕಿಂತ ಪಾರ್ಸನ್ಸ್ ಅನ್ನೋ ಪಾತ್ರ ಕಾಡುತ್ತದೆ. ಪಕ್ಷಕ್ಕೆ ಜೈ ಅನ್ನುವ ಪೆದ್ದು ಮನುಷ್ಯ. ನಿದ್ದೆಯಲ್ಲಿ ನಾಯಕನ ವಿರುದ್ಧ ಏನೋ ಬಡಬಡಿಸಿದ ಅಂತ ಜೈಲಿಗೆ ಬರುತ್ತಾನೆ. ದೂರು ಕೊಟ್ಟಿದ್ದು ಏಳು ವರ್ಷದ ಅವನ ಮಗಳೇ, ಕೀಲಿಕಂಡಿಗೆ ಕಿವಿ ಇಟ್ಟು ಕೇಳಿಸಿಕೊಂಡು. ಅವನಿಗೆ ಮಗಳ ಮೇಲೆ ಸಿಟ್ಟಿಲ್ಲ, ಹೆಮ್ಮೆ! ಅಂಥ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಈ ಒಬ್ಬ ಅಪ್ಪನನ್ನು ನೋಡಿದರೆ ತಿಳಿಯುತ್ತದೆ.

ಕಲ್ಪನೆ ಇದು, ನಿಜದಲ್ಲಿ ಹೀಗಿರುತ್ತಾ ಅಂದ್ರೆ, ನಿಜ ಇನ್ನೂ ವಿಚಿತ್ರ. ಸ್ಟಾಸಿಯವರು ಅನುಮಾನ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕೂತ ಬಟ್ಟೆಯ ತುಂಡನ್ನು ಗಾಜಿನ ಜಾಡಿಯಲ್ಲಿ ಮುಚ್ಚಿಡುತ್ತಿದ್ದರು. ಮುಂದೆ ನಾಯಿಗೆ ಮೂಸಿಸಿ ಪತ್ತೆ ಹಚ್ಚಲು. ಅವರು ಬಿಟ್ಟುಹೋದ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್. ಸಿಂಧನೂರಿನಿಂದ ಬಳ್ಳಾರಿ ದಾಟಿ ಹೋಗುತ್ತದೆ. 1990ರ ಜನವರಿ 15ರಂದು ಜನ ಬರ್ಲಿನ್‌ನ ಅವರ ಮುಖ್ಯ ಕಚೇರಿಗೆ ನುಗ್ಗಿದರು. ಎರಡು ವರ್ಷದ ಮೇಲೆ, ತಮ್ಮ ಮೇಲಿನ ಕಡತವನ್ನು ತಾವೇ ಓದುವ ಹಕ್ಕು ಸಿಕ್ಕಿತು. ಮಾಹಿತಿ ಕೊಟ್ಟವರಲ್ಲಿ ಗೆಳೆಯರು, ಸಂಬಂಧಿಕರು ಇದ್ದದ್ದು ಎಷ್ಟೋ ಜನರಿಗೆ ಗೊತ್ತಾಗಿದ್ದೇ ಆಗ.

ಸ್ಟಾಸಿ ಕುರಿತ ‘ದಿ ಲೈವ್ಸ್ ಆಫ್ ಅದರ್ಸ್’ ಅಂತ 2006ರ ಜರ್ಮನ್ ಸಿನಿಮಾ ಇದೆ. ಸಿಕ್ಕರೆ ನೋಡಿ. ಅದರ ಬಲಿಪಶು ನಿಮ್ಮ ಹಾಗೇ ಒಬ್ಬ ನಾಟಕಕಾರ. ಊರಿನ ಎಲ್ಲಾ ಟೈಪ್‌ರೈಟರ್‌ಗಳ ಅಕ್ಷರದ ಗುರುತು ಸ್ಟಾಸಿಯ ಹತ್ತಿರ ಇರುತ್ತದೆ. ಹಾಗಾಗಿ ಅವನು ಕಳ್ಳಸಾಗಣೆಯಲ್ಲಿ ಬಂದ ಪುಟ್ಟ ಯಂತ್ರದಲ್ಲಿ, ಕೆಂಪು ರಿಬ್ಬನ್ನಿನಲ್ಲಿ ಬರೆದು, ಬಾಗಿಲ ಹೊಸ್ತಿಲ ಕೆಳಗೆ ಬಚ್ಚಿಡುತ್ತಾನೆ. ಇಡೀ ಸಿನಿಮಾದಲ್ಲಿ ಉಸಿರು ಕಟ್ಟಿಸುವುದು ಆ ಹೊಸ್ತಿಲ ಹಲಗೆ. ನಿಮ್ಮ ರಂಗದ ಮೇಲೂ ಅಂಥದ್ದೊಂದು ಜಾಗ ಬೇಕು. ಸಭೆಗೆ ಗೊತ್ತು, ಹುಡುಕುವವನಿಗೆ ಗೊತ್ತಿಲ್ಲ, ಅವನ ಕಾಲು ಅದರ ಮೇಲೇ ಇದೆ.

ಇನ್ನು ದುಡ್ಡು. ಇದನ್ನು ತಮಾಷೆ ಅಂದುಕೊಳ್ಳಬೇಡಿ. ‘ಮೆನ್ ಇನ್ ಬ್ಲ್ಯಾಕ್’ ಅಂಥ ಪಕ್ಕಾ ಮೋಜಿನ ಸಿನಿಮಾ ಕೂಡ ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿದೆ. ಅನ್ಯಲೋಕದವರಿಂದ ವಶಪಡಿಸಿಕೊಂಡ ಸಾಮಾನುಗಳ ಪೇಟೆಂಟ್ ಆ ಸಂಸ್ಥೆಯದು, ಮೈಕ್ರೋವೇವ್ ಒಲೆ, ವೆಲ್ಕ್ರೋ ಎಲ್ಲ ಅದರಲ್ಲೇ ಬಂದವು ಅಂತ. ‘ಕಿಂಗ್ಸ್‌ಮನ್’ನಲ್ಲಿ ಹಳೇ ಶ್ರೀಮಂತರ ಆಸ್ತಿ, ಮುಂದೆ ಬಟ್ಟೆ ಹೊಲಿಯುವ ಅಂಗಡಿ. ಒಂದೇ ಮಾತಿನಲ್ಲಿ ಮುಗಿಸುತ್ತಾರೆ, ಆದರೆ ಹೇಳುತ್ತಾರೆ. ‘ಗರುಡ’ಕ್ಕೆ ದುಡ್ಡು ಯಾರದ್ದು? ದಿಲ್ಲಿಯದ್ದೋ, ಬೆಂಗಳೂರಿನದ್ದೋ, ಬಳ್ಳಾರಿಯ ಯಾರೋ ಗಣಿ ಧಣಿಯದ್ದೋ? ಕೊನೆಯದಾದರೆ ನಾಟಕವೇ ಬೇರೆ ಆಗುತ್ತದೆ. ದೇಶ ಕಾಯ್ತೀವಿ ಅಂದುಕೊಂಡ ಹುಡುಗರು ಯಾರದೋ ಲಾರಿ ಕಾಯುತ್ತಿದ್ದರು ಅಂತ ಮೂರನೇ ಅಂಕದಲ್ಲಿ ಗೊತ್ತಾಗಲಿ.

ಮಾದರಿಗೆ ಲಂಡನ್ನು, ಬರ್ಲಿನ್ನು ಅಂತ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಪಕ್ಕದ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಬೆಳಕಿಗೆ ಬಂತು, ಅಶೋಕ ಅನ್ನೋ ಹೆಸರು ಮೊದಲು ಸ್ಪಷ್ಟವಾಗಿ ಸಿಕ್ಕಿದ್ದು ಅದರಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಇವುಗಳಲ್ಲಿ ಬೇಹುಗಾರರ ಮಾತಿಲ್ಲ. ಆದರೆ ಗುಜರಾತಿನ ಗಿರ್ನಾರ್ ಬಂಡೆಯಲ್ಲಿರುವ ಹದಿನಾಲ್ಕು ಶಾಸನಗಳ ಆರನೆಯದರಲ್ಲಿ ಅದೇ ಅಶೋಕ, ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಪ್ರತಿವೇದಕರು (ಸುದ್ದಿ ತರುವವರು) ಜನರ ಸುದ್ದಿಯನ್ನು ಯಾವ ಹೊತ್ತಿನಲ್ಲಾದರೂ ತಂದು ಹೇಳಬೇಕು ಅನ್ನುತ್ತಾನೆ. ಓದುವವರಿಗೆ ಇದು ಪ್ರಜೆಗಳ ಮೇಲಿನ ಕಾಳಜಿ ಅನ್ನಿಸಬಹುದು, ಕಣ್ಗಾವಲು ಅಂತಲೂ ಅನ್ನಿಸಬಹುದು.

ಕೌಟಿಲ್ಯ ಇನ್ನೂ ಬಿಚ್ಚಿ ಹೇಳುತ್ತಾನೆ. ಅರ್ಥಶಾಸ್ತ್ರದ ಹಸ್ತಪ್ರತಿ ಹೊರಬಂದಿದ್ದು ನಮ್ಮ ಮೈಸೂರಿನಲ್ಲೇ. ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಒಂದೇ ಕಡೆ ನೆಲೆಸುವ ಗೂಢಚಾರರು ಐದು ಬಗೆ, ಊರೂರು ತಿರುಗುವವರು ನಾಲ್ಕು ಬಗೆ. ತಿರುಗುವವರಲ್ಲಿ ವಿಷ ಹಾಕುವವನೂ ಇದ್ದಾನೆ, ಭಿಕ್ಷೆ ಬೇಡುವ ಹೆಂಗಸೂ ಇದ್ದಾಳೆ. ನೆಲೆಸುವವರಲ್ಲಿ ಇಬ್ಬರು ನಿಮಗೆ ಬೇಕಾದವರು. ಒಬ್ಬ ತಾಪಸ. ಊರ ಹೊರಗೆ ಶಿಷ್ಯರ ಜೊತೆ ಕೂತು, ತಿಂಗಳಿಗೋ ಎರಡು ತಿಂಗಳಿಗೋ ಒಂದು ಹಿಡಿ ಸೊಪ್ಪು ತಿಂದು ಬದುಕುತ್ತೇನೆ ಅಂತ ಎಲ್ಲರ ಮುಂದೆ ತೋರಿಸಿಕೊಳ್ಳಬೇಕು. ಗುಟ್ಟಾಗಿ ಬೇಕಾದ್ದು ತಿನ್ನಬಹುದು! ಈ ಪಾತ್ರ ನಮ್ಮೂರ ಹಾಸ್ಯಗಾರನ ಕೈಗೆ ಸಿಕ್ಕರೆ ಅರ್ಧ ತಾಸು ಬಿಡಲ್ಲ.

ಇನ್ನೊಬ್ಬ ಗೃಹಪತಿಕ. ಇವನು ಬೇಸಾಯ ಕೈಕೊಟ್ಟ ರೈತ. ಬುದ್ಧಿ ಇದೆ, ನಡತೆ ಚೆನ್ನಾಗಿದೆ, ಬದುಕು ಕುಸಿದಿದೆ. ಅಂಥವನಿಗೆ ಭೂಮಿ ಕೊಟ್ಟು ಕೂರಿಸಿ ಬೇಹುಗಾರ ಮಾಡು ಅನ್ನುತ್ತಾನೆ ಕೌಟಿಲ್ಯ. ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರು ಬರದೆ ಭತ್ತ ಒಣಗಿಸಿಕೊಂಡವನನ್ನು ನೆನೆಸಿಕೊಳ್ಳಿ. ‘ಗರುಡ’ದವನು ಅವನ ಹತ್ತಿರ ಬಂದು, ನಿನ್ನ ಸಾಲ ನಾನು ನೋಡಿಕೊಳ್ತೀನಿ, ಸಂಘದ ಸಭೆಯಲ್ಲಿ ಯಾರು ಏನು ಮಾತಾಡಿದ್ರು ಅಷ್ಟು ಹೇಳು ಅನ್ನುತ್ತಾನೆ. ಅವನು ಕೆಟ್ಟವನಲ್ಲ. ಮೊದಲ ಸಲ ಹೇಳುವಾಗ ಸುಮ್ನೆ ಗೊತ್ತಿರೋದನ್ನೇ ಹೇಳುತ್ತಾನೆ. ಎರಡನೇ ಸಲ ಹೇಳೋಕೆ ಏನೂ ಇಲ್ಲ, ಆದರೆ ಕಂತು ಕಟ್ಟಬೇಕು. ಆಗ ಕಟ್ಟಿ ಹೇಳುತ್ತಾನೆ. ಎತ್ತಿಕೊಂಡು ಹೋದ ಆ ಹುಡುಗನ ಹೆಸರು ಬಂದಿದ್ದು ಅಲ್ಲಿಂದ. ನಿಮ್ಮ ಖಳನಾಯಕ ಇವನೇ ಆಗಬಹುದು, ಇವನ ಮೇಲೆ ಸಭೆಗೆ ಕರುಣೆಯೂ ಬರುತ್ತದೆ.

ಕೌಟಿಲ್ಯನಿಗೆ ಈ ರೋಗ ಗೊತ್ತಿತ್ತು. ಅದಕ್ಕೇ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲದ ಮೂವರು ಒಂದೇ ಮಾತು ಹೇಳಿದರೆ ಮಾತ್ರ ನಂಬು ಅನ್ನುತ್ತಾನೆ. ಈ ನಿಯಮವನ್ನೇ ನಾಟಕದ ಬೆನ್ನೆಲುಬು ಮಾಡಿ. ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್, ಚಹಾದಂಗಡಿಯವನು, ಈ ರೈತ, ಮೂವರೂ ಅದೇ ಹುಡುಗನ ಹೆಸರು ಹೇಳುತ್ತಾರೆ. ಅಧಿಕಾರಿ ನಂಬುತ್ತಾನೆ. ಆದರೆ ಗ್ಯಾಂಗ್‌ಮನ್‌ಗೂ ಚಹಾದವನಿಗೂ ಆ ಸುದ್ದಿ ಮುಟ್ಟಿಸಿದ್ದು ರೈತನೇ ಅಂತ ಸಭೆಗೆ ಮೊದಲೇ ಗೊತ್ತಿರಲಿ.

ವೇಷ ಬೇಕಾದರೆ ನಮ್ಮ ಹಗಲುವೇಷದವರಿಗಿಂತ ಬೇಕೇ? ಮನೆ ಮುಂದೆ ಬಂದು ನಿಂತರೆ ಯಾರೂ ಬೇಡ ಅನ್ನಲ್ಲ. ನಿಮ್ಮ ತಂಡದ ಏಜೆಂಟ್ ಅವರ ಜೊತೆ ಸೇರಿ ಊರಿಗೆ ಬರಲಿ. ಆದರೆ ಆ ಕಲಾವಿದರನ್ನು ಸಂಶಯದವರ ಹಾಗೆ ತೋರಿಸಬೇಡಿ. ವೇಷ ಸರಿಯಾಗಿ ಕಟ್ಟೋಕೆ ಬರದ ಏಜೆಂಟ್‌ಗೆ ಅವರೇ ಬಣ್ಣ ಹಚ್ಚುವುದು ಕಲಿಸಲಿ.

ಈಗ ಡ್ಯಾಮ್. ತುಂಗಭದ್ರೆಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆವತ್ತು ನಿಮ್ಮ ಕಡೆ ಎಷ್ಟು ಜನ ನಿದ್ದೆಗೆಟ್ಟರು ಅಂತ ನಿಮಗೇ ಗೊತ್ತು. ನಿಮ್ಮ ಸಭೆಯಲ್ಲಿ ಕೂತವರು ಗೇಟು ಹೋಗೋಕೆ ಬಾಂಬು ಬೇಕಿಲ್ಲ ಅಂತ ಕಣ್ಣಾರೆ ನೋಡಿದವರು. ಅವರ ಮುಂದೆ ಕಪ್ಪು ಬಟ್ಟೆಯ ಗ್ಯಾಂಗ್ ಬಂದರೆ ನಗೆಪಾಟಲು. ತಿರುಗಿಸಿ ಯೋಚಿಸಿ. ಬೇರೆ ಹೆಸರಿನ, ಇಲ್ಲದ ಒಂದು ಡ್ಯಾಮ್ ಮಾಡಿಕೊಳ್ಳಿ. ಗೇಟು ಹಳೇದಾಗಿ ತಾನಾಗೇ ಹೋಗಿದೆ. ಆದರೆ ಯಾರೋ ಒಬ್ಬ ದೊಡ್ಡವನಿಗೆ ಅದು ಪಿತೂರಿ ಆಗಬೇಕಾಗಿದೆ, ಇಲ್ಲದಿದ್ದರೆ ರಿಪೇರಿ ದುಡ್ಡಿನ ಲೆಕ್ಕ ಕೊಡಬೇಕಾಗುತ್ತದೆ. ‘ಗರುಡ’ಕ್ಕೆ ಬರುವ ಅಪ್ಪಣೆ ಒಂದೇ: ಪಿತೂರಿಗಾರನನ್ನು ಹುಡುಕಿ. ಇಲ್ಲದವನನ್ನು ಹುಡುಕೋದು ಹೇಗೆ? ಅಲ್ಲಿಂದ ನಾಟಕ ತಾನೇ ಓಡುತ್ತದೆ.

ಯಾರ ವ್ಯಾಪ್ತಿ ಅನ್ನೋ ಜಗಳವನ್ನೂ ಬಿಡಬೇಡಿ. ನಿಜವಾದ ತುಂಗಭದ್ರೆಯನ್ನೇ ನೋಡಿ. ಡ್ಯಾಮಿನ ಒಂದು ದಡ ಹೊಸಪೇಟೆ, 2021ರಲ್ಲಿ ಬಳ್ಳಾರಿಯಿಂದ ಒಡೆದ ವಿಜಯನಗರ ಜಿಲ್ಲೆ. ಇನ್ನೊಂದು ದಡ ಮುನಿರಾಬಾದ್, ಕೊಪ್ಪಳ ಜಿಲ್ಲೆ. ನೀರು ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಬೇಕು. ನಡುವೆ ತುಂಗಭದ್ರಾ ಮಂಡಳಿ. ಇಂಥ ಕಡೆ ಒಂದು ಹೆಣ ತೇಲಿ ಬಂದರೆ ಅದು ಯಾರ ಕೇಸು ಅಂತಲೇ ಒಂದು ದೃಶ್ಯ ಬರೆಯಬಹುದು.

ಪತ್ರದ ಕೊನೆಯಲ್ಲಿ, ಇದನ್ನು 1948ಕ್ಕೆ ಒಯ್ದು ರಜಾಕಾರರ ಕಾಲದಲ್ಲಿ ಇಡಲೇ ಅಂತಲೂ ಕೇಳಿದ್ದೀರಿ. ಇಡಬಹುದು, ಆದರೆ ಎಚ್ಚರ. ರಾಯಚೂರು, ಕೊಪ್ಪಳ ಆಗ ನಿಜಾಮನ ಹೈದರಾಬಾದ್ ಸಂಸ್ಥಾನ. ಬಳ್ಳಾರಿ ಮದ್ರಾಸಿನದ್ದು, ಮೈಸೂರಿಗೆ ಸೇರಿದ್ದು 1953ರಲ್ಲಿ. ರಜಾಕಾರರು ನಿಜಾಮನ ಪರವಾಗಿ ಬಹಿರಂಗವಾಗಿ ಆಯುಧ ಹಿಡಿದ ಪಡೆ, ಗುಪ್ತ ಪೊಲೀಸರಲ್ಲ. ಅವರನ್ನು ಮುಸುಕಿನ ಬೇಹುಗಾರರ ಹಾಗೆ ಬರೆದರೆ ಇತಿಹಾಸ ತಪ್ಪುತ್ತದೆ. ಆ ಕಾಲದ ಕಥೆ ಕೇಳಿ ಬೆಳೆದ ಮನೆಗಳು ಊರಲ್ಲಿ ಇನ್ನೂ ಇವೆ. ಹಳೇ ಕಾಲವೇ ಬೇಕಿದ್ದರೆ ಬಳ್ಳಾರಿಯ ಅಲ್ಲೀಪುರ ಜೈಲನ್ನು ನೋಡಿ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ. ಅವರ ಬೆನ್ನು ಬಿದ್ದ ಮಫ್ತಿ ಪೊಲೀಸನ ಕಡೆಯಿಂದ ಕಥೆ ಹೇಳಿದರೆ ಹೊಸದಾಗಿರುತ್ತದೆ.

ಹೆಸರಿನ ಪ್ರಶ್ನೆ ಉಳಿಯಿತು. ‘ರಾ’ ಅಂತ ಬಳಸಿದ ಸಿನಿಮಾ, ಸರಣಿ ಬೇಕಾದಷ್ಟಿವೆ. ಆದರೂ ನನ್ನ ಮಾತು ಕೇಳಿದರೆ ಬೇಡ. ನಿಜವಾದ ಹೆಸರು ಇಟ್ಟ ಕೂಡಲೇ ನಿಜವಾದ ನಿಯಮಗಳೂ ಬಂದು ಕೂರುತ್ತವೆ. ‘ಗರುಡ’ ಕೂಡ ಬೇಡ. ಅದೇ ಹೆಸರಿನ ಕಮಾಂಡೊ ಪಡೆ ವಾಯುಪಡೆಯಲ್ಲಿದೆ, ಕರ್ನಾಟಕ ಪೊಲೀಸರಲ್ಲೂ ಇದೆ. ನಿಜವಾದ ಗುಪ್ತ ಸಂಸ್ಥೆಗಳು ಆಕಳಿಕೆ ಬರುವ ಹೆಸರು ಇಟ್ಟುಕೊಳ್ಳುತ್ತವೆ: ಬ್ಯೂರೋ, ವಿಂಗ್, ಸಮಿತಿ. ನಿಮ್ಮದು ‘ಹಳೇ ಕಡತಗಳ ಪರಿಶೀಲನಾ ಶಾಖೆ’ ಅಂತ ಇರಲಿ. ಮಿನಿ ವಿಧಾನಸೌಧದ ಹಿಂದೆ, ಜನರೇಟರ್ ಪಕ್ಕದ ಕೋಣೆ. ಬೋರ್ಡು ಅರ್ಧ ಅಳಿಸಿದೆ. ಯಾರೂ ಒಳಗೆ ಹೋಗಲ್ಲ, ಹೋದವರು ಯಾಕೆ ಹೋದ್ರು ಅಂತ ಹೇಳಲ್ಲ.

ಗುರುತಿನ ಚೀಟಿ ಮಾಡಿಸುವಾಗ ನಾಲ್ಕು ಸಿಂಹದ ಲಾಂಛನ ಹಾಕಿಸಬೇಡಿ. ಅದರ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ. ಬಿಳಿ ಕಾರ್ಡು, ಒಂದು ಗುಂಡು ಸೀಲು, ಓದೋಕೆ ಬಾರದ ಸಹಿ ಸಾಕು. ಮತ್ತೆ, ಮೈಕಿನ ಪರವಾನಗಿಗೆ ಠಾಣೆಗೆ ಹೋದಾಗ ನಾಟಕದಲ್ಲಿ ಪೊಲೀಸ್ ವೇಷ ಇದೆ, ನಡುರಾತ್ರಿ ಗುಂಡಿನ ಸದ್ದಿಗೆ ಪಟಾಕಿ ಹೊಡೆಯುತ್ತೇವೆ ಅಂತ ಮೊದಲೇ ಹೇಳಿಬಿಡಿ. ಆ ಅರ್ಜಿಯ ಒಂದು ಪ್ರತಿ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.